ಎಡಗಡೆಯ ಜಿಪ್ಪು

ಹಂಪನಕಟ್ಟೆಯ ಅಂಗಡಿಯಲ್ಲಿ ಹುಡುಗಿ ಕೇಳಿದಳು,
"ಸೈಜು ಎಷ್ಟು ಅಕ್ಕ?"
ಅದೇ ಗೊತ್ತಿಲ್ಲ ನನಗೆ.
ಜನವರಿಯಲ್ಲಿ ಎಂ. ಜುಲೈಯಲ್ಲಿ ಸುಕೇಶನ ಅಂಗಿ.
ಈಗ ಬೆಳಿಗ್ಗೆಗೆ ಒಂದು ಅಳತೆ,
ಹಾಲು ಕಟ್ಟಿದ ಸಂಜೆಗೆ ಇನ್ನೊಂದು.

"ಎದುರು ಗುಂಡಿ ಇರುವುದು ಕೊಡಿ," ಅಂದೆ,
"ಚಂದಕ್ಕೆ ಹೊಲಿದದ್ದಲ್ಲ, ಬಿಚ್ಚಲಿಕ್ಕೆ ಬರುವಂಥದ್ದು."
ಹನ್ನೊಂದು ಕುರ್ತಾ ಬಿಡಿಸಿ ಹಾಸಿದಳು.
ಹತ್ತರಲ್ಲಿ ಗುಂಡಿಗಳೆಲ್ಲ ಸುಳ್ಳು.
ಹನ್ನೊಂದನೆಯದು ಬಿಳಿ.
ಬಿಳಿ!
ಪಾಪ, ಚಿಕ್ಕ ಹುಡುಗಿ, ಅವಳಿಗೇನು ಗೊತ್ತು.

ಕೊನೆಗೆ ಆರಿಸಿದ್ದು ಗುಂಡಿಯೇ ಇಲ್ಲದ್ದೊಂದು,
ಮೈತುಂಬ ಕಂದು ಹಳದಿ ಹೂ.
ಏನು ಚೆಲ್ಲಿದರೂ ಇನ್ನೊಂದು ಹೂವೆಂದು ನಡೆದುಹೋಗುತ್ತದೆ.
ಒಯ್ದೆ ಕಂಕನಾಡಿಗೆ, ಫ್ಲೋರಿನ್ ಬಾಯಿಯ ಮೆಷಿನ್ನಿನ ಹತ್ತಿರ.
ಅವರು ಟೇಪು ಮುಟ್ಟಲಿಲ್ಲ.
ಮಗು ಯಾವ ಕಡೆ ಜಾಸ್ತಿ ಕುಡಿಯುತ್ತದೆ, ಅಷ್ಟೇ ಕೇಳಿದರು.
ಎಡಗಡೆ ಅಂದೆ.
ಕಂಕುಳ ಕೆಳಗಿನ ಹೊಲಿಗೆಯೊಳಗೆ
ಒಂದು ಗೇಣು ಜಿಪ್ಪು ಅಡಗಿಸಿ ಕೊಟ್ಟರು.
ಕನ್ನಡಿಯಲ್ಲಿ ಹುಡುಕಿದೆ, ನನಗೇ ಸಿಗಲಿಲ್ಲ.
"ಐದು ಹೆತ್ತೆ ಮಾರಾಯ್ತಿ,
ಒಂದಕ್ಕಾದರೂ ಇದು ತೋಚಿದ್ದರೆ!"

ಭಾನುವಾರ ತಣ್ಣೀರುಬಾವಿಗೆ.
ಮೂರಕ್ಕೆ ಹೊರಡುವುದೆಂದರೆ ಹನ್ನೊಂದಕ್ಕೆ ಚೀಲಕ್ಕೆ ಕೈಹಾಕಬೇಕು.
ಡೈಪರು ಆರು. ಬೇಡ, ಏಳು.
ವೈಪ್ಸು, ಬಿಸಿನೀರಿನ ಫ್ಲಾಸ್ಕು, ಕಿವಿ ಮುಚ್ಚುವ ಟೊಪ್ಪಿ,
ಟೊಪ್ಪಿ ಕಳೆದರೆ ಇನ್ನೊಂದು ಟೊಪ್ಪಿ,
ದಾರದಲ್ಲಿ ಪೋಣಿಸಿದ ಬಜೆ, ಜ್ವರ ನೋಡುವ ಕಡ್ಡಿ,
ಶಮಿಕಾಗೆ ಮೂರು ಜತೆ ಬಟ್ಟೆ.
ನನಗೆ? ಅದು ಹೊಳೆದದ್ದು ದೋಣಿಯಲ್ಲಿ ಕೂತ ಮೇಲೆ.

ಅತ್ತೆ ಹಳೇ ಸೀರೆಯ ತುಂಡು ನಾಲ್ಕು ತಂದು ಮೇಲಿಟ್ಟರು.
"ಇವನನ್ನು ಧರ್ಮಸ್ಥಳಕ್ಕೆ ಕೊಂಡುಹೋದದ್ದು ಬರೀ ಇದರಲ್ಲಿ.
ಒಂದು ವೈರಿನ ಚೀಲ,
ಅದರಲ್ಲೂ ಅರ್ಧ ಚಕ್ಕುಲಿ."
ಸುಕೇಶ ಚೀಲ ಎತ್ತಿ ನೋಡಿದ.
"ನಾವು ವಾಪಸ್ ಬರುವುದುಂಟಲ್ಲ?"
ಅವನ ತಯಾರಿಯೆಂದರೆ ಚಪ್ಪಲಿ.

ಸುಲ್ತಾನ್ ಬತ್ತೇರಿಯಿಂದ ಆ ದಡಕ್ಕೆ ಎಷ್ಟು ಹೊತ್ತು,
ಒಂದು ಶೇಂಗಾ ಪೊಟ್ಟಣ ಮುಗಿಯುವಷ್ಟು.
ಅಷ್ಟರಲ್ಲಿ ಅವಳಿಗೆ ಹಸಿವು.
ಇಂಜಿನ್ನಿಗಿಂತ ಒಂದು ಸ್ವರ ಮೇಲೆ ಅಳು.
ಎಡಗೈ ಎತ್ತಿ ಜಿಪ್ಪು ಎಳೆದೆ.
ಎರಡು ಬೆರಳು ಇಳಿದು ನಿಂತಿತು,
ಹೂವೊಂದರ ದಳ ಕಚ್ಚಿಕೊಂಡು.
ಮೇಲೂ ಇಲ್ಲ ಕೆಳಗೂ ಇಲ್ಲ.
ದೋಣಿಯ ಮೂವತ್ತು ಜನರೂ ಒಟ್ಟಿಗೆ
ಹೊಳೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.
ಸುಕೇಶ ಚೀಲದೊಳಗೆ ಮೊಣಕೈವರೆಗೂ ಇಳಿದಿದ್ದ.
ಟೊಪ್ಪಿ ಸಿಕ್ಕಿತು. ಇನ್ನೊಂದು ಟೊಪ್ಪಿಯೂ.

ಎದುರಿಗೆ ಕೂತಿದ್ದ ಬುರ್ಖಾದ ಹೆಂಗಸು,
ಮೊಣಕಾಲ ಮೇಲೆ ತನ್ನದೊಂದು ಮಲಗಿರುವಾಗಲೇ,
ಪರ್ಸಿನಿಂದ ತುಟಿಗೆ ಹಚ್ಚುವ ಬಾಮ್ ತೆಗೆದಳು.
"ಎಳೀಬೇಡಿ, ಹರಿದೀತು. ಇದಕ್ಕೆ ಜಿಡ್ಡು ಬೇಕು.
ನಮ್ಮದು ಗಂಟಲಿಂದ ಪಾದದವರೆಗೆ ಜಿಪ್ಪೇ ಅಲ್ವಾ,
ಇದರ ಗುಣವೆಲ್ಲ ಗೊತ್ತುಂಟು."
ಹಲ್ಲು ಹಲ್ಲಿಗೂ ಗುಲಾಬಿ ಬಣ್ಣ ಸವರಿ,
ಕಚ್ಚಿದ ಬಟ್ಟೆಯನ್ನು ಉಗುರಿನಿಂದ ಬಿಡಿಸಿ,
ತನ್ನ ಅಗಲದ ತೋಳು ನನ್ನೆದುರು ಚಾಚಿ ಹಿಡಿದಳು.
ಅಳು ನಿಂತಿತು.
ಇಂಜಿನ್ ಒಂದೇ ಉಳಿಯಿತು.
ದಡ ಬಂದರೂ ಅವಳು ಕೈ ಇಳಿಸಲಿಲ್ಲ,
ದೋಣಿಯವನು ಎರಡು ಸಲ ಕೆಮ್ಮಿದ.

ಆ ದಡದಲ್ಲಿ ಗಾಳಿಮರದ ನೆರಳು, ಚುರುಮುರಿ,
ಶಮಿಕಾಳ ಅಂಗಾಲಿಗೆ ಮೊದಲ ಮರಳು.
ಏಳರಲ್ಲಿ ಡೈಪರು ಖರ್ಚಾದದ್ದು ಎರಡು.
ಸೀರೆಯ ತುಂಡು ನಾಲ್ಕೂ.
ಅತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ,
ತೊಳೆದು ಸಾಲಾಗಿ ಒಣಹಾಕಿದೆ, ಅವರಿಗೆ ಕಾಣುವ ಹಾಗೆ.

ಕುರ್ತಾದ ಬದಿಯಲ್ಲಿ ಒಂದು ಗುಲಾಬಿ ಗೆರೆ ಉಳಿದಿದೆ.
ಕಂದು ಹಳದಿಯ ನಡುವೆ ಅದೊಂದೇ ಬೇರೆ.

ಸೋಮವಾರ ಮತ್ತೆ ಕಂಕನಾಡಿ.
"ಎಂತ, ಹರಿಯಿತಾ?"
ಇಲ್ಲ ಬಾಯಿ,
ಬಲಗಡೆಗೂ ಒಂದು ಇಟ್ಟು ಕೊಡಿ.
ನಿನ್ನೆ ರಾತ್ರಿಯಿಂದ ಅವಳು ಕಡೆ ಬದಲಿಸಿದ್ದಾಳೆ.